ಎರವಲು ಅಂಬಿಗ

ನನ್ನ ಆಯುಷ್ಯದಲ್ಲಿ ನಾನು ಒಟ್ಟು ಏಳು ಹವ್ಯಾಸಿ ಸಂಘಗಳಿಗೆ ಕಾರ್ಯದರ್ಶಿಯಾಗಿದ್ದೇನೆ. ಶ್ರುತಿಗೂ ನನಗೂ ಮಾತುಕತೆಯಿಲ್ಲದಿದ್ದಾಗ ಭಜನಾ ಸಂಘಕ್ಕೆ, ಮುಖಕ್ಕೆ ಬಣ್ಣ ತಾಗಿದರೆ ದದ್ದು ಏಳುತ್ತಿದ್ದಾಗ ನಾಟಕ ಮಂಡಳಿಗೆ, ಈಜು ಬಾರದಿದ್ದಾಗ ಹರಗೋಲು ತಂಡಕ್ಕೆ. ಏನೂ ಬಾರದವನನ್ನೇ ಹುಡುಕಿ ಕಾರ್ಯದರ್ಶಿ ಮಾಡುವುದು ನಮ್ಮ ಕಡೆಯ ಸಂಪ್ರದಾಯ. ಬರುವವರಿಗೆ ಬೇರೆ ಉದ್ಯೋಗವಿರುತ್ತದೆ. ಆರು ಸಂಘಗಳ ಕಥೆಯನ್ನು ಮದುವೆ ಮನೆಗಳಲ್ಲಿ ಊಟವಾದ ಮೇಲೆ ಎಲೆ ಮಡಿಸುತ್ತ ಹೇಳಿ ನಗಿಸಿದ್ದೇನೆ. ಏಳನೆಯದನ್ನು ಇಂದಿನವರೆಗೆ ಹೇಳಿಲ್ಲ. ನೀವು ಹೇಗೂ ಎದ್ದು ಹೋಗುವವರಲ್ಲವೆಂದು ಈಗ ಹೇಳುತ್ತಿದ್ದೇನೆ.

ಹವ್ಯಾಸಿ ಸಂಘವೆಂದರೇನು? ತಮಗೆ ಪ್ರೀತಿಯಿರುವ ಕೆಲಸವನ್ನು ಅದನ್ನು ಬಲ್ಲ ಇನ್ನೊಬ್ಬನಿಂದ ಮಾಡಿಸಿ, ಹಾರವನ್ನು ತಾವು ಹಾಕಿಸಿಕೊಳ್ಳುವ ಸಜ್ಜನರ ಗುಂಪು. ಎಪ್ಪತ್ತರ ದಶಕದಲ್ಲಿ ಈ ವಿದ್ಯೆ ಗದಗ-ಬೆಟಗೇರಿಯಲ್ಲಿ ಪರಾಕಾಷ್ಠೆಗೆ ಮುಟ್ಟಿತ್ತು. ನಮ್ಮ ಭಜನಾ ಸಂಘಕ್ಕೆ ತಬಲಾದವನು ಲಕ್ಷ್ಮೇಶ್ವರದಿಂದ ಬರುತ್ತಿದ್ದ, ಪೇಟಿಯವನು ಶಿರಹಟ್ಟಿಯಿಂದ. ತಾಳ ಮಾತ್ರ ನಮ್ಮದು, ಅದೂ ಕೆಲವೊಮ್ಮೆ. ಬೆಟಗೇರಿಯ ನೇಕಾರರ ವಾಲಿಬಾಲ್ ತಂಡ ಹುಬ್ಬಳ್ಳಿಯಿಂದ ಆರಡಿ ಎತ್ತರದವನೊಬ್ಬನನ್ನು ತರಿಸಿ, ನಿಯಮದ ಸಲುವಾಗಿ ನೇಕಾರನೆಂದು ಬರೆಸಿತ್ತು. ಪಂಚರು ಅನುಮಾನಪಟ್ಟು ಅವನನ್ನು ಮಗ್ಗದ ಮುಂದೆ ನಿಲ್ಲಿಸಿದರಂತೆ. ನೇಯುವವನು ಕಾಲು ಇಳಿಬಿಡುವ ಕುಣಿಯನ್ನು ಅವನು ಬಗ್ಗಿ ನೋಡಿ, "ಇದಕ್ಕ ನೀರು ಯಾವಾಗ ಬಿಡ್ತಾರ್ರಿ?" ಎಂದನಂತೆ. ಇಷ್ಟಾದರೂ ತಂಡ ಗೆದ್ದಿತು. ಪಂಚರೂ ಹುಬ್ಬಳ್ಳಿಯವರೇ.

ಆಗ ನಾನು ಮುಂಡರಗಿ ತಾಲೂಕಿನ ಹೊಳೆಸಾಲಿನ ಊರೊಂದರ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುತ್ತಿದ್ದೆ. ನಮ್ಮ ಹೆಡ್‌ಮಾಸ್ತರರ ಕೋಣೆಯಲ್ಲಿ ಗಾಜಿನ ಕಪಾಟೊಂದಿತ್ತು. ಪಂದ್ಯಗಳಲ್ಲಿ ಗೆದ್ದ ಕಪ್ಪುಗಳನ್ನಿಡಲೆಂದೇ ಮಾಡಿಸಿದ್ದು; ಒಳಗೆ ವಿಜ್ಞಾನದ ಪಾಠಕ್ಕೆಂದು ಮಣ್ಣಿನಿಂದ ಮಾಡಿದ ಮನುಷ್ಯನ ಹೃದಯವೊಂದೇ ಇತ್ತು. ಒಂದು ವರ್ಷ ಮಳೆಗಾಲ ಮುಗಿದು ತುಂಗಭದ್ರೆ ಸಮಾಧಾನಕ್ಕೆ ಬಂದ ಮೇಲೆ, ಸುತ್ತಲಿನ ಉತ್ಸಾಹಿಗಳು ಕೊರ್ಲಹಳ್ಳಿಯ ದಂಡೆಯಲ್ಲಿ ಹರಗೋಲಿನ ಪಂದ್ಯ ಇಟ್ಟರು. ಪ್ರತಿ ತಂಡದಲ್ಲಿ ನಾಲ್ವರು, ಎಲ್ಲರೂ ಒಂದೇ ಸಂಸ್ಥೆಯ ನೌಕರರಾಗಿರಬೇಕು, ಆಚೆ ದಂಡೆಯಲ್ಲಿ ನೇರ ಎದುರಿಗೆ ನೆಟ್ಟ ಬಾವುಟವನ್ನು ಮೊದಲು ಮುಟ್ಟಿದವರಿಗೆ ಕಪ್ಪು. ಹೆಡ್‌ಮಾಸ್ತರರು ಕಪಾಟಿನ ಗಾಜು ಒರೆಸಿ, "ಆಚಾರ್ರ, ನೀವೇ ಕಾರ್ಯದರ್ಶಿ" ಎಂದರು.

ತಂಡದಲ್ಲಿ ಅವರು, ನಾನು, ಲಕ್ಷ್ಮೇಶ್ವರದಿಂದ ಬಂದಿದ್ದ ಡ್ರಾಯಿಂಗ್ ಮಾಸ್ತರ ಮಕ್ತುಂಸಾಬ. ಮೂವರಲ್ಲಿ ಹೊಳೆಯ ಅನುಭವವಿದ್ದುದು ಮಕ್ತುಂಸಾಬನಿಗೆ ಮಾತ್ರ; ಅದರ ಚಿತ್ರ ಬರೆದಿದ್ದ. ನಾಲ್ಕನೆಯವನು ಯಾರು ಎಂಬಲ್ಲಿ ನನ್ನ ಕಾರ್ಯದರ್ಶಿ ಬುದ್ಧಿ ಎಚ್ಚರಾಯಿತು. ನಮ್ಮ ಸಿಪಾಯಿ ನಿವೃತ್ತನಾಗಿ ಗಂಟೆ ಬಾರಿಸುವ ಜಾಗ ಖಾಲಿ ಬಿದ್ದಿತ್ತು. ಅದರಲ್ಲಿ ಒಬ್ಬ ಅಂಬಿಗನನ್ನು ಹಂಗಾಮಿಯಾಗಿ ಕೂಡ್ರಿಸಿದರೆ?

"ಹಾಜರಿಯೊಳಗ ಹೆಸರು ಬರದ್ರ ಆತಲ್ರಿ" ಎಂದೆ.

"ಬರೀರಿ, ಬರೀರಿ" ಎಂದ ಮಕ್ತುಂಸಾಬ. "ಖರೆ, ಹೆಸರಿನ ಹಿಂದ ಒಬ್ಬ ಮನಷಾ ಬರ್ತಾನ್ರಿ ಆಚಾರ್ರ. ಅಂವಗ ಎಲ್ಲಿ ಕುಂಡ್ರಸ್ತೀರಿ?"

ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುವುದು ಕಾರ್ಯದರ್ಶಿಯ ಕರ್ತವ್ಯಗಳಲ್ಲಿ ಬರುವುದಿಲ್ಲ.

ಫಕ್ಕೀರಪ್ಪ ಮೂವತ್ತು ವರ್ಷ ಆ ಹೊಳೆ ದಾಟಿಸಿದವನು. ನಾನು ಹೋದಾಗ ದಂಡೆಯ ಮೇಲೆ ಹರಗೋಲನ್ನು ಬೋರಲು ಹಾಕಿ ತಳಕ್ಕೆ ಡಾಂಬರು ಬಳಿಯುತ್ತಿದ್ದ, ಎಡಗೈಯಿಂದ. ನನ್ನ ಮಾತನ್ನೆಲ್ಲ ಕೇಳಿ ಕಪ್ಪಿನ ಬಗ್ಗೆ ಏನೂ ಕೇಳಲಿಲ್ಲ.

"ಮಾಸ್ತರ, ಈ ಬಲರಟ್ಟಿ ಹ್ವಾದ ವರ್ಷದಿಂದ ನನ್ನ ಮಾತು ಕೇಳವಲ್ದು. ಇನ್ನೊಂದು ಬ್ಯಾಸಗಿ ತಡೀತೈತೋ ಇಲ್ಲೋ. ಗಂಟಿ ಬಾರ್ಸೂದು ಎಡಗೈಲೆ ಆಗ್ತೈತಲ್ರಿ?"

"ಆಗ್ತೈತಿ."

"ಪಂದ್ಯೆ ಮುಗದ ಮ್ಯಾಲೂ ಇಟ್ಕೋತೀರಲ್ರಿ?"

"ಹೆಡ್‌ಮಾಸ್ತರು ಮಾತು ಕೊಟ್ಟಾರ" ಎಂದೆ. ಅವರು ಕೊಟ್ಟಿದ್ದು ಮಾತಲ್ಲ, "ನೋಡೂಣ" ಎಂಬ ಶಬ್ದ. ಅದನ್ನು ಮಾತಾಗಿ ಬೆಳೆಸಿದವನು ನಾನು. ಸಂಸ್ಕೃತ ಕಲಿತವರಿಗೆ ಸೂತ್ರವನ್ನು ಭಾಷ್ಯವಾಗಿ ಹಿಗ್ಗಿಸುವುದು ಕಷ್ಟವಲ್ಲ.

ಮರುದಿನದಿಂದ ಫಕ್ಕೀರಪ್ಪ ಖಾಕಿ ಟೋಪಿ ಹಾಕಿಕೊಂಡು ಶಾಲೆಗೆ ಬರತೊಡಗಿದ. ಹಾಜರಿ ಪುಸ್ತಕದಲ್ಲಿ ನಾನೇ ಅವನ ಹೆಸರು ಬರೆದೆ. ಸರಿಯಾಗಿ ಕಾಣಲೆಂದು ಹಿಂದಿನ ಇಪ್ಪತ್ತು ದಿನಗಳಿಗೂ ಹಾಜರಿ ಹಾಕಿದೆ. ನಮಗೆ ಬೇಕಾಗಿದ್ದುದು ಹೆಸರು. ಅವನು ಕೆಲಸವನ್ನೇ ಶುರುಮಾಡಿಬಿಟ್ಟ. ಅಂಗಳ ಗುಡಿಸಿದ, ನೀರು ತುಂಬಿದ, ಹನ್ನೊಂದಕ್ಕೆ ಸರಿಯಾಗಿ ಗಂಟೆಯ ಕೆಳಗೆ ಕೊಡತಿ ಹಿಡಿದು ನಿಂತ. ನಿಂತೇ ಇದ್ದ. ಹನ್ನೊಂದೂ ಐದಾಯಿತು, ಏಳಾಯಿತು. ಹೆಡ್‌ಮಾಸ್ತರು ಕಿಟಕಿಯಿಂದ ಕೂಗಿದರು: "ಏ ಫಕ್ಕೀರಪ್ಪ, ಯಾಕ ನಿಂತೀಯೋ, ಹೊಡಿ!"

"ತಡೀರಿ ಸಾಹೇಬ್ರ, ಅಲ್ಲೆರಡು ಹುಡುಗ್ರು ಓಡಿ ಬರಾಕತ್ತಾವು."

ದಂಡೆಯ ಕಡೆಗೆ ಒಬ್ಬ ಓಡಿ ಬರುತ್ತಿರುವುದು ಕಂಡರೆ ಅಂಬಿಗ ಹರಗೋಲು ನೂಕುವುದಿಲ್ಲ. ಅವನಿಗೆ ಗಂಟೆಯೂ ಹಾಗೆಯೇ. ಆ ಎರಡು ವಾರ ನಮ್ಮ ಶಾಲೆಯಲ್ಲಿ ತಡವಾಗಿ ಬಂದ ಮಗು ಒಂದೂ ಇರಲಿಲ್ಲ, ಸಮಯಕ್ಕೆ ಶುರುವಾದ ಪಾಠವೂ ಒಂದಿರಲಿಲ್ಲ. ಫಕ್ಕೀರಪ್ಪ ಬಹಳ ಸುಖವಾಗಿದ್ದ. ಮಧ್ಯಾಹ್ನ ಬೇವಿನ ಗಿಡದ ಕೆಳಗೆ ರೊಟ್ಟಿ ತಿಂದು, ಬಲಗೈಯನ್ನು ತೊಡೆಯ ಮೇಲೆ ಮಲಗಿಸಿ, ಒಣ ನೆಲದ ಮೇಲೆ ಪಗಾರ ಹುಟ್ಟುವ ವಿಚಿತ್ರವನ್ನು ನೋಡುತ್ತ ಕೂಡುತ್ತಿದ್ದ.

ಸಂಜೆ ಅಭ್ಯಾಸ. ಹರಗೋಲು ದುಂಡಗಿನ ವಾಹನ. ಅದಕ್ಕೆ ಮುಂದು-ಹಿಂದು ಇಲ್ಲ. ಸರಕಾರಿ ಅರ್ಜಿಯ ಹಾಗೆ ಯಾವ ದಿಕ್ಕಿಗೆ ಬೇಕಾದರೂ ಹೋಗುತ್ತದೆ, ಮುಟ್ಟಬೇಕಾದ ಕಡೆ ಮುಟ್ಟಿಸಲು ಒಳ್ಳೆಯ ಮನುಷ್ಯ ಬೇಕು. ನಮ್ಮನ್ನು ಫಕ್ಕೀರಪ್ಪ ಗೋಣಿಚೀಲ ಹಾಸಿ ಕೂಡ್ರಿಸಿದ. ಹೆಡ್‌ಮಾಸ್ತರು ತೂಕದ ದೃಷ್ಟಿಯಿಂದ ನಡುವೆ.

"ಹುಟ್ಟು ನಮಗ ಯಾವಾಗ ಕೊಡ್ತೀ?" ಎಂದು ಕೇಳಿದೆ.

"ನಿಮ್ಮ ಪಾಲಿಂದು ಅಲ್ಲಾಡದಂಗ ಕುಂಡ್ರೂದು, ಮಾಸ್ತರ. ಅದು ಕಲತ್ರಂದ್ರ ಭಾಳಾತು."

ನನಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ನಮ್ಮದು ಮೂರು ತಲೆಮಾರಿನಿಂದ ಪೂಜೆ-ಪೌರೋಹಿತ್ಯದ ಮನೆತನ. ಯಜ್ಞದಲ್ಲಿ ಹೊಗೆ ಕುಡಿಯುವವರು, ಗಂಟಲು ಹರಿದುಕೊಳ್ಳುವವರು ಋತ್ವಿಜರು. ಯಜಮಾನ ಮಡಿಯುಟ್ಟು ದರ್ಭೆ ಹಿಡಿದು ಅಲ್ಲಾಡದೆ ಕೂಡುತ್ತಾನೆ, ಪುಣ್ಯವೆಲ್ಲ ಅವನದು. ಹೊರಗಿನ ಅನುಭವಿಯನ್ನು ಕರೆಸುವುದಕ್ಕೆ ಇದಕ್ಕಿಂತ ದೊಡ್ಡ ಆಧಾರ ಎಲ್ಲಿದೆ ಎಂದು ಮಕ್ತುಂಸಾಬನಿಗೆ ವಿವರಿಸಿದೆ. ಒಮ್ಮೆ ವರಣ ಮಾಡಿ, ಅಂದರೆ ವಿಧಿಪೂರ್ವಕ ಆರಿಸಿ, ಕೂಡ್ರಿಸಿದ ಋತ್ವಿಜನನ್ನು ನಡುವೆ ಎಬ್ಬಿಸಬಾರದೆಂದು ನಮ್ಮಪ್ಪ ಹೇಳುತ್ತಿದ್ದುದೂ ನೆನಪಿಗೆ ಬಂದಿತ್ತು. ಅದನ್ನು ವಿವರಿಸಲಿಲ್ಲ.

ಪಂದ್ಯದ ದಿನ ನಾಲ್ಕು ಹರಗೋಲುಗಳು. ಗದಗಿನ ಅಡತಿ ಅಂಗಡಿಯವರ ತಂಡ ಎಲ್ಲರಿಗಿಂತ ಜೋರು. ಚೀಲ ಎತ್ತಿದ ತೋಳುಗಳು. ಸೀಟಿ ಊದಿದ ತಕ್ಷಣ ಉಳಿದ ಮೂರೂ ತಂಡಗಳು ಬಾವುಟಕ್ಕೆ ಗುರಿಯಿಟ್ಟು ನೀರನ್ನು ಬಡಿಯತೊಡಗಿದವು. ಫಕ್ಕೀರಪ್ಪ ಮಾತ್ರ ಬಾವುಟಕ್ಕೆ ಬೆನ್ನು ಮಾಡಿ, ದಂಡೆಯ ಅಂಚಿನ ನಿಂತ ನೀರಿನಲ್ಲಿ ಮೇಲಕ್ಕೆ, ಹೊಳೆ ಬಂದ ದಿಕ್ಕಿಗೆ ಹೊರಟ. ದಂಡೆಯ ಮೇಲಿದ್ದವರು ಬಿದ್ದು ಬಿದ್ದು ನಕ್ಕರು. "ಏ ಮಾಸ್ತರ, ಗಂಗಾವತರಣ ನೋಡಾಕ ಹೊಂಟೀರೇನು?" ಎಂದು ಯಾರೋ ಕೂಗಿದರು. ಹೆಡ್‌ಮಾಸ್ತರು ಕಣ್ಣು ಮುಚ್ಚಿಕೊಂಡರು.

ಸಾಕಷ್ಟು ಮೇಲೆ ಹೋದ ಮೇಲೆ ಫಕ್ಕೀರಪ್ಪ ನಡುನೀರಿಗೆ ತಿರುಗಿಸಿದ. ಸೆಳವು ನಮ್ಮನ್ನು ಎತ್ತಿಕೊಂಡಿತು. ಅವನು ಎಡಗೈಯ ಮೇಲೆ ಬಲಗೈಯಿಟ್ಟು ಹುಟ್ಟನ್ನು ಎದೆಗೆ ಎಳೆದುಕೊಳ್ಳುತ್ತಿದ್ದ. ಪ್ರತಿ ಎಳೆತಕ್ಕೂ ಅವನ ಬಲಭುಜದಿಂದ ಒಣ ಬಾಗಿಲು ಸರಿದಂಥ ಸಪ್ಪಳ ಬರುತ್ತಿತ್ತು. ನಾನು ಅದನ್ನು ಕೇಳಿದೆ. ಕೇಳಿ, ಅಲ್ಲಾಡದೆ ಕುಳಿತೆ. ಉಳಿದ ಮೂರು ತಂಡಗಳು ನೇರ ಹೋಗಲು ಹೋಗಿ ಹೊಳೆಯ ಪಾಲಾಗಿ ಅರ್ಧ ಮೈಲು ಕೆಳಗೆ ತೇಲುತ್ತಿರುವಾಗ, ನಾವು ಬಾವುಟದ ಕೋಲಿಗೆ ಬಂದು ತಾಗಿದೆವು.

ಸಂತೋಷ ಎಷ್ಟು ಹೊತ್ತು? ಅಡತಿ ತಂಡದ ಮುಖ್ಯಸ್ಥ ಚನ್ನಬಸಪ್ಪ ಒದ್ದೆ ಧೋತ್ರದಲ್ಲಿ ದಂಡೆಗುಂಟ ನಡೆದುಬರುವವರೆಗೆ.

"ಇಂವ ಸಿಪಾಯಿ ಅಂದ್ರ ನಾ ದಿವಾನ! ಹೋದ ಅಮಾಸಿಗೆ ನನ್ನ ಎತ್ತಿನ ಜೋಡಿ ದಾಟಿಸಿದಾವ ಇವನ. ನಾವೇನೋ ಗಾಣದ ಎತ್ತಿನಂಗ ತಿರುಗಿದ್ವಿ, ಖರೆ ನಮ್ಮ ಕೈಲೆ ತಿರುಗಿದ್ವಿ!"

ನಿರ್ಣಾಯಕರು ನಿವೃತ್ತ ಸುಬೇದಾರರು. ಮೀಸೆಯಷ್ಟೇ ನೇರವಾದ ಮನುಷ್ಯ. ಕುರ್ಚಿಯಿಂದೇಳದೆ ಒಂದು ಕಾಗದ ನನ್ನ ಮುಂದೆ ಹಿಡಿದರು. "ಮಾಸ್ತರ, ಇಂವ ನಿಮ್ಮ ಸಾಲಿ ನೌಕರ, ಮುಂದೂ ಇರ್ತಾನ ಅಂತ ಬರದು ಸಹಿ ಮಾಡ್ರಿ, ಕಪ್ಪು ಒಯ್ರಿ. ಹಾಜರಿ ಪುಸ್ತಕ ನಾಳೆ ಬಂದು ನೋಡ್ತೀನಿ."

ಒಂದು ಸಾಲು. ಬರೆದಿದ್ದರೆ ಕಪ್ಪು ನಮಗೆ, ಗಂಟೆ ಅವನಿಗೆ. ಅಷ್ಟು ಜನರ ಎದುರಿನ ಬರಹವನ್ನು ಹೆಡ್‌ಮಾಸ್ತರರೂ ದಾಟುವಂತಿರಲಿಲ್ಲ. ಆದರೆ ಪುಸ್ತಕದಲ್ಲಿ ನನ್ನ ಅಕ್ಷರದಲ್ಲಿ ಇಪ್ಪತ್ತು ಸುಳ್ಳು ಹಾಜರಿಗಳಿದ್ದವು, ಎತ್ತು ದಾಟಿಸಿದ ಆ ಅಮಾವಾಸ್ಯೆಯದೂ ಸೇರಿ. ಹೆಡ್‌ಮಾಸ್ತರು ಹೊಳೆಯ ಸೌಂದರ್ಯ ನೋಡುತ್ತ ನನ್ನ ಪಕ್ಕಕ್ಕೆ ಸರಿದು ಪಿಸುಗುಟ್ಟಿದರು: "ಅದು ಮ್ಯಾಲಿನವರ ಕೈಗೆ ಹ್ವಾದ್ರ ಇಬ್ರೂ ಮನಿ ಸೇರ್ತೀವಿ. ಅಲ್ಲ ಅಂದುಬಿಡ್ರಿ."

ಫಕ್ಕೀರಪ್ಪ ನನ್ನನ್ನೇ ನೋಡುತ್ತಿದ್ದ. ಮುಖದಲ್ಲಿ ಆತಂಕವಿರಲಿಲ್ಲ. ನಾನು ಓದಿದವನು, ಪೆನ್ನು ನನ್ನ ಕೈಯಲ್ಲಿತ್ತು.

"ಅಲ್ರಿ" ಎಂದೆ. "ಇಂವ ಹೊರಗಿನಾವ."

ಸುಬೇದಾರರು ಅವನ ಕಡೆ ತಿರುಗಿದರು. ಅವನು ಖಾಕಿ ಟೋಪಿ ತೆಗೆದು, ನೀರು ಹಿಂಡಿ, ಮಡಿಸಿ ನನ್ನ ಕೈಗೆ ಕೊಟ್ಟ. "ಖರೆ ಐತ್ರಿ ಸಾಹೇಬ್ರ. ಮಾಸ್ತರು ಕರದ್ರು, ಬಂದೆ."

ಗಂಟೆ ಬಾರಿಸುವ ಆ ಜಾಗ ಮುಂದೆ ಆರು ತಿಂಗಳಿಗೆ ತುಂಬಿತು. ಬಂದವನು ಗಡಿಯಾರ ನೋಡಿಯೇ ಗಂಟೆ ಹೊಡೆಯುವವನು. ಅವನ ವಿಷಯದಲ್ಲಿ ಹೇಳುವಂಥದ್ದೇನೂ ಇಲ್ಲ. ಕಪಾಟಿನಲ್ಲಿ ಮಣ್ಣಿನ ಹೃದಯ ಒಂಟಿಯಾಗಿಯೇ ಉಳಿಯಿತು. ನಾನು ಗದಗಿಗೆ ವರ್ಗ ಮಾಡಿಸಿಕೊಂಡೆ, ಮತ್ತೆ ಯಾವ ಸಂಘಕ್ಕೂ ಕಾರ್ಯದರ್ಶಿಯಾಗಲಿಲ್ಲ. ಇದನ್ನು ಪ್ರಾಯಶ್ಚಿತ್ತವೆಂದು ಹೇಳಿಕೊಳ್ಳಬಹುದಿತ್ತು. ಆದರೆ ನಿಜವೆಂದರೆ, ಯಾರೂ ಕೇಳಲಿಲ್ಲ.

ಅಂದಿನ ಕಥೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಪಂದ್ಯ ಏರ್ಪಡಿಸಿದ ಮಹನೀಯರು ಗೆದ್ದವರು ಯಾರೆಂಬುದನ್ನು ಆಚೆ ದಂಡೆಯಲ್ಲಿ ತೀರ್ಮಾನಿಸಿದ್ದರು. ನಮ್ಮ ಮನೆಗಳು ಈಚೆ ದಂಡೆಯಲ್ಲಿದ್ದವು. ಅಂದರೆ ತಿರುಗಿ ದಾಟಬೇಕು. ಯಾರು ದಾಟಿಸುವವರು? ನಾವು ಮೂವರೂ ದಂಡೆಯಲ್ಲಿ ಒಬ್ಬರ ಕಾಲನ್ನೊಬ್ಬರು ನೋಡುತ್ತ ನಿಂತೆವು. ಫಕ್ಕೀರಪ್ಪ ಹರಗೋಲಿನೊಳಗಿನ ನೀರು ಚೆಲ್ಲಿ ಗೋಣಿಚೀಲ ಹಾಸಿದ.

"ಕುಂಡ್ರಿ. ಹೊತ್ತಾಗತೈತಿ."

ಕುಳಿತೆವು. ಅವನ ಬಲಗೈ ಈಗ ಏಳಲಿಲ್ಲ. ಎಡಗೈ ಒಂದರಿಂದಲೇ ಎಳೆಯತೊಡಗಿದ. ಸ್ವಲ್ಪ ಹೊತ್ತು ನೋಡಿ ನನಗೆ ತಡೆಯಲಿಲ್ಲ. "ಕೊಡಿಲ್ಲಿ, ನಾ ಹಾಕ್ತೀನಿ" ಎಂದೆ. ಆ ಎರಡು ವಾರದಲ್ಲಿ ಒಮ್ಮೆಯೂ ಕೊಡದವನು ಹುಟ್ಟನ್ನು ನನ್ನ ಕೈಗಿಟ್ಟ. ನಾನು ನೀರನ್ನು ಬಡಿದೆ. ಹರಗೋಲು ನಿಂತಲ್ಲೇ ಒಂದು ಸುತ್ತು ಬಂತು. ಮತ್ತೆ ಬಡಿದೆ. ಇನ್ನೊಂದು ಸುತ್ತು.

"ಆಚಾರ್ರ, ಪ್ರದಕ್ಷಿಣಿ ಭಾಳಾದ್ವು" ಎಂದ ಮಕ್ತುಂಸಾಬ. ಯಾರೂ ನಗಲಿಲ್ಲ, ಅವನೂ ನಗಲಿಲ್ಲ.

"ಹೊಡೀಬ್ಯಾಡ್ರಿ ಮಾಸ್ತರ" ಎಂದ ಫಕ್ಕೀರಪ್ಪ, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು. "ನೀರು ನಿಮ್ಮ ಕಡೆ ಕರೀರಿ. ಹಾಂ. ಸಾವಕಾಶ. ಹಂಗ."

ಕಲಿಸುವ ಕೆಲಸದಲ್ಲಿ ಅಷ್ಟು ವರ್ಷ ಇದ್ದ ನನಗೆ ಆ ಸ್ವರ ಒಂದು ದಿನವೂ ಬಂದಿರಲಿಲ್ಲ.

ಅವನು ಹೇಳಿದಂತೆ ಕರೆಯುತ್ತ ಕರೆಯುತ್ತ, ಹೋಗಬೇಕಾದ ಜಾಗಕ್ಕಿಂತ ಬಹಳ ಕೆಳಗೆ, ಅಂತೂ ಈಚೆ ದಂಡೆ ಮುಟ್ಟಿದೆವು. ಅಲ್ಲೊಬ್ಬ ಮುದುಕಿ ಬುಟ್ಟಿ ಹಿಡಿದುಕೊಂಡು ಕಾಯುತ್ತಿದ್ದಳು. ಹುಟ್ಟು ನನ್ನ ಕೈಯಲ್ಲಿದ್ದುದನ್ನು ನೋಡಿ, "ಯಪ್ಪಾ, ಆ ಕಡೆ ಬಿಡ್ತೀಯೇನು?" ಎಂದು ನನ್ನನ್ನೇ ಕೇಳಿದಳು.

ನಾನು ಬಾಯಿ ತೆಗೆಯುವ ಮೊದಲೇ ಫಕ್ಕೀರಪ್ಪ ಹೇಳಿದ: "ಅವರು ಹೊರಗಿನವರಬೇ. ಬಾ, ನಾ ಬಿಡ್ತೀನಿ."

ಅದರಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ಇಲ್ಲಿ ಆಳ ಇಷ್ಟು, ಅಲ್ಲಿ ಕಲ್ಲಿದೆ ಎಂದು ಹೇಳುವ ದನಿಯೇ ಅದು. ಎಡಗೈ ಚಾಚಿದ, ನಾನು ಹುಟ್ಟನ್ನು ತಿರುಗಿ ಕೊಟ್ಟೆ. ಹೆಡ್‌ಮಾಸ್ತರರೂ ಮಕ್ತುಂಸಾಬನೂ ದಂಡೆ ಏರಿದರು. ನಾನು ಮೊಣಕಾಲು ನೀರಿನಲ್ಲಿ ಇಳಿದು, ಮುದುಕಿ ಬುಟ್ಟಿ ಸಮೇತ ಹತ್ತಿ ಕೂಡುವವರೆಗೆ ಹರಗೋಲು ಸರಿಯದಂತೆ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡು ನಿಂತೆ. ಅದಕ್ಕೆ ಅನುಭವ ಬೇಕಾಗಲಿಲ್ಲ.