ಹಿರಿಯರ ಕಿವಿಗೆ ದೊಡ್ಡ ರಬ್ಬರು

ಸತ್ಯಶೋಧನೆ ಮನುಷ್ಯನಿಂದ ಮಹಾತ್ಯಾಗವನ್ನು ಬೇಡುತ್ತದೆ. ನಮ್ಮ ಭಜನಾ ಮೇಳದ ಹಿರಿಯರಿಂದ ಅದು ಬೈಲಹೊಂಗಲ ಬಜಾರಿನ ಅಗ್ಗದ ಇಯರ್‌ಫೋನೊಂದನ್ನು ಬೇಡಿತು. ಮೇಳದಲ್ಲಿ ಯಾರೋ ಅಪಸ್ವರ ಹಾಡುತ್ತಿದ್ದರು. ಆ ಪಾಪಿಯನ್ನು ಹಿಡಿದು ಬಾಯಿ ಮುಚ್ಚಿಸಲೇಬೇಕೆಂದು ಹಿರಿಯರು ಭಜನೆಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು.

ಇಯರ್‌ಫೋನಿನ ಜೊತೆ ಕಿವಿಗೆ ಸಿಕ್ಕಿಸುವ ಮೂರು ಅಳತೆಯ ರಬ್ಬರು ಬಂದಿದ್ದವು. “ಹಿರೇರಿಗೆ ದೊಡ್ಡದು,” ಎಂದರು ಅವರೇ, ಊಟದ ಪಂಕ್ತಿಯಲ್ಲಿ ಹೋಳಿಗೆಗೆ ಅನ್ನುವಂತೆಯೇ. ದೊಡ್ಡದು ಕಿವಿಯಲ್ಲಿ ನಿಲ್ಲಲಿಲ್ಲ. ಹಾಡು ತಗಡು ಬಡಿದಂತೆ ಕೇಳಿತು.

“ವಾಯರ್ ಖರಾಬ್ ಐತಿ.”

“ವಾಯರಿಗ್ಯಾಕ ಬೈತೀರಿ? ನಿಮ್ಮ ಕಿವಿ ಸಣ್ಣ ಅದಾವು,” ಎಂದು ಅವರ ಹೆಂಡತಿ ಸಣ್ಣ ರಬ್ಬರು ಹಾಕಿಕೊಟ್ಟರು.

ಹಿರಿಯರು ಕಣ್ಣುಮುಚ್ಚಿ ಪೂರ್ತಿ ಕೇಳಿದರು.

“ಸಿಕ್ಕನೇನ್ರೀ ಅಂವಾ?” ಎಂದೆ.

“ಸಿಕ್ಕ. ದನಿ ನಂದ ಐತಿ.”

ಮುಂದಿನ ಸೋಮವಾರದಿಂದ ಅವರು ಮೇಳದಲ್ಲಿ ಬರೀ ತಾಳ ಬಾರಿಸತೊಡಗಿದರು.