ಕೆಂಪು ಬಾಳೆಹಣ್ಣಿಗೆ ಅಪ್ಪ ಹಾಕಿದ ವಿಷ

ನಾನು ಚಿಕ್ಕವಳಿದ್ದಾಗ ನಮ್ಮ ಅಪ್ಪ ತಿಂಗಳಿಗೊಂದು ಕೊಲೆ ಮಾಡಿಸುತ್ತಿದ್ದ. ಹೆದರಬೇಡಿ ಮಕ್ಕಳೇ, ಎಲ್ಲವೂ ಕಾಗದದ ಮೇಲೆ. ಕಲಬುರಗಿಯಲ್ಲಿ ಅವನದೊಂದು ಪತ್ತೇದಾರಿ ಮಾಸಪತ್ರಿಕೆ ಇತ್ತು. ಛಾಪಖಾನೆಯಲ್ಲಿ ಸೀಸದ ಅಕ್ಷರ ಜೋಡಿಸುವ ಕೆಲಸಕ್ಕೆ ಸೇರಿದವನು, ಜೋಡಿಸುತ್ತ ಜೋಡಿಸುತ್ತ ಕಥೆಯ ರುಚಿ ಹತ್ತಿ, ಕೊನೆಗೆ ತಾನೇ ಸಂಪಾದಕನಾಗಿ ಕುಳಿತಿದ್ದ. ನಮ್ಮ ಮನೆಯ ಮುಂದಿನ ಕೋಣೆಯೇ ಅವನ ಕಚೇರಿ. ಅಲ್ಲಿ ಮಸಿ, ಸೀಮೆಎಣ್ಣೆ, ಹೊಸ ಕಾಗದದ ವಾಸನೆ ಸದಾ ಇರುತ್ತಿತ್ತು. ಅಪ್ಪ ನನ್ನನ್ನು ಎತ್ತಿಕೊಂಡರೆ ಫ್ರಾಕಿನ ಮೇಲೆ ಅವನ ಬೆರಳಿನ ಕರಿ ಗುರುತು ಮೂಡುತ್ತಿತ್ತು. "ನೋಡ್ರಿ, ಕಳ್ಳ ಸಿಕ್ಕ!" ಎಂದು ಅಕ್ಕ ನಗುತ್ತಿದ್ದಳು.

ಕಥೆಗಳು ದೂರದ ಊರುಗಳಿಂದ ಅಂಚೆಯಲ್ಲಿ ಬರುತ್ತಿದ್ದವು. ಅಪ್ಪ ಅವುಗಳಲ್ಲಿದ್ದ ಊರಿನ ಹೆಸರು ಹೊಡೆದುಹಾಕಿ ನಮ್ಮ ಕಡೆಯ ಹೆಸರು ಬರೆಯುತ್ತಿದ್ದ. "ಓದಾವಗ ತನ್ನ ಓಣ್ಯಾಗೇ ಹೆಣಾ ಬಿದ್ದಂಗ ಅನಸ್ಬೇಕು" ಅನ್ನುವುದು ಅವನ ಕಸುಬಿನ ಗುಟ್ಟು. ಮೇಲೆ ದಪ್ಪ ಅಕ್ಷರದಲ್ಲಿ 'ಖರೇ ನಡೆದ ಕಥೆ' ಎಂದು ಹಾಕುತ್ತಿದ್ದ. ಖರೇ ಅಂದರೆ ನಮ್ಮ ಮಾತಿನಲ್ಲಿ ನಿಜ. ಒಮ್ಮೆ ಯಾರೋ ಸೇಬಿಗೆ ಸೂಜಿಯಿಂದ ವಿಷ ಚುಚ್ಚಿದ ಕಥೆ ಕಳಿಸಿದರು. ಅಪ್ಪ ಸೇಬು ತೆಗೆದು, ಅಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು ಇಟ್ಟ. ಸೂಜಿ ಚುಚ್ಚಿದ್ದು ತೊಟ್ಟಿನ ಹತ್ತಿರ, ಅಲ್ಲಿ ಗುರುತು ಕಾಣುವುದಿಲ್ಲ ಎಂದು ಒಂದು ಸಾಲು ತಾನೇ ಸೇರಿಸಿದ. ಆ ಸಂಚಿಕೆ ಎಲ್ಲ ಅಂಗಡಿಗಳಲ್ಲೂ ಖಾಲಿಯಾಯಿತು.

ಒಂದು ಮುಂಜಾನೆ, ಕಮಲಾಪುರದಿಂದ ಹಣ್ಣು ತಂದು ಮಾರುವ ಮುದುಕಿಯೊಬ್ಬಳು ಬುಟ್ಟಿ ಸಮೇತ ನಮ್ಮ ಬಾಗಿಲಿಗೆ ಬಂದಳು.

"ಕೊಲಿ ಸಾಹೇಬ್ರ ಮನಿ ಇದೇ ಏನ್ರೀ?"

ಅಪ್ಪ ನಗುತ್ತಲೇ ಹೊರಗೆ ಬಂದ. ಅವಳು ನಗಲಿಲ್ಲ.

"ನನಗ ಓದ್ಲಾಕ ಬರಂಗಿಲ್ರೀ. ಓದಿದವ್ರು ನನ್ನ ಹಣ್ಣ ಮುಟ್ಟವಲ್ರು. ನಾ ಯಾರಿಗಿ ವಿಷಾ ಹಾಕೀನಿ, ಹೆಸರ ಹೇಳ್ರಿ."

"ಆಯಿ, ಅದು ಬರೇ ಕಥಿ ಅದ."

"ಮತ್ತ ಖರೇ ಅಂತ ಯಾಕ ಛಾಪಿಸೀರಿ?"

ಅಪ್ಪ ಮಸಿಯ ಬೆರಳು ಒರೆಸಿಕೊಂಡ. ಮುಂದಿನ ಸಂಚಿಕೆಯಲ್ಲಿ ಅದು ಸುಳ್ಳೆಂದು ಹಾಕುತ್ತೇನೆ ಅಂದ. "ಅಲ್ಲೀತನಾ ಹಣ್ಣ ಕಾಯ್ತಾವೇನ್ರೀ?" ಎಂದಳು ಆಯಿ. ಬುಟ್ಟಿಯೊಳಗೆ ಹಣ್ಣಿನ ಕೆಂಪು ಆಗಲೇ ಕಪ್ಪಿಗೆ ತಿರುಗುತ್ತಿತ್ತು. ಕಳಿತ ಸಿಹಿ ವಾಸನೆ ಅಂಗಳ ತುಂಬಿತ್ತು.

ಅಪ್ಪ ಅಂಗಿ ಹಾಕಿಕೊಂಡು ಅವಳ ಜೊತೆ ಪೇಟೆಗೆ ಹೊರಟ. ಅಕ್ಕ ನನ್ನ ಕೈ ಹಿಡಿದುಕೊಂಡು ಹಿಂದೆಯೇ ನಡೆದಳು. ಬುಟ್ಟಿಯ ಪಕ್ಕ ನಿಂತು ಅಪ್ಪ ಕೂಗಿದ: "ಅದು ನಾನೇ ಕಟ್ಟಿದ ಸುಳ್ಳು! ನೋಡ್ರಿ, ನಾನೇ ತಿಂತೀನಿ!" ಜನ ಸೇರಿದರು. ಅಪ್ಪ ಒಂದು ಹಣ್ಣು ಮುರಿದು, ತುದಿಯಿಂದ ಅರ್ಧ ಸುಲಿದ. ಬಾಯಿಯ ಹತ್ತಿರ ತಂದ.

ಅಷ್ಟರಲ್ಲಿ ಕೈ ನಿಂತಿತು.

ಒಂದು ಉಸಿರಿನಷ್ಟು ಹೊತ್ತು, ಅಷ್ಟೇ. ಅವನ ಹೆಬ್ಬೆರಳು ತೊಟ್ಟಿನ ಹತ್ತಿರ ಮೆಲ್ಲಗೆ ಸವರಿ ನೋಡಿತು.

"ಬರ್ದಾವನೇ ಅಂಜ್ಲಾಕತ್ತಾನ ನೋಡ್ರಲೇ!" ಎಂದು ಯಾರೋ ಕೂಗಿದರು. ಇಡೀ ಗುಂಪು ಹೋ ಎಂದು ನಕ್ಕಿತು. ಅಪ್ಪ ಗಬಗಬನೆ ತಿಂದ. ಇನ್ನೊಂದು ತಿಂದ, ಮತ್ತೊಂದು ತಿಂದ. ಯಾರೂ ಕೊಳ್ಳಲಿಲ್ಲ. ಆಯಿ ಬೈಯಲಿಲ್ಲ. "ನಿಮಗೂ ಖರೇ ಅನಸ್ತೇನ್ರೀ, ಸಾಹೇಬ್ರ?" ಎಂದು ಮೆಲ್ಲಗೆ ಕೇಳಿದಳು. ಅಪ್ಪನ ಕಿವಿ ಕೆಂಪಾದವು. ಸಂಪಾದಕರ ಮಗಳೆಂದು ಶಾಲೆಯಲ್ಲಿ ಮೆರೆಯುತ್ತಿದ್ದ ನಾನು ಅಕ್ಕನ ಲಂಗದಲ್ಲಿ ಮುಖ ಮುಚ್ಚಿಕೊಂಡೆ.

ಅಪ್ಪ ಆ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಬಸ್ ನಿಲ್ದಾಣದವರೆಗೆ ನಡೆದ. ದಿನವೂ ನಮಸ್ಕಾರ ಹೇಳುವವರು ಅಂದು ಬಾಯಿ ಮುಚ್ಚಿಕೊಂಡು ನಕ್ಕರು. ಅವನು ತಲೆ ಎತ್ತಲಿಲ್ಲ. ಕಮಲಾಪುರದ ಬಸ್ಸಿನ ಮೇಲೆ ಬುಟ್ಟಿ ಏರಿಸಿ, ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಅಲ್ಲೇ ನಿಂತಿದ್ದ.

ಮುಂದಿನ ಸಂಚಿಕೆಯಲ್ಲಿ ಅವನು ತಪ್ಪೊಪ್ಪಿಗೆ ಹಾಕಿದ. ಓದುಗರು ಅದನ್ನೂ ಕಥೆಯ ಎರಡನೆಯ ಭಾಗವೆಂದೇ ಓದಿಬಿಟ್ಟರು! "ಈ ಸಲ ಮಜಾ ಬರ್ಲಿಲ್ರೀ, ಕೊಲೆಗಾರ ಎಲ್ಲಿ?" ಎಂದು ಮನೆಗೇ ಬಂದು ಕೇಳಿದರು. ಅಪ್ಪ 'ಖರೇ' ಎಂಬ ಪದವನ್ನು ತೆಗೆದುಹಾಕಿದ. ಕೊಳ್ಳುವವರು ಕಡಿಮೆಯಾದರು. ಪತ್ರಿಕೆ ನಿಂತಿತು. ಆಮೇಲೆ ಬದುಕಿದ್ದಷ್ಟು ದಿನ ಅವನು ಮದುವೆಯ ಕಾರ್ಡು ಛಾಪಿಸಿದ. ಬಾಳೆಹಣ್ಣನ್ನು ಮಾತ್ರ ಮನೆಗೆ ತರುತ್ತಿರಲಿಲ್ಲ.

ಮಕ್ಕಳೇ, ಮೊನ್ನೆ ನೀವು ಊಟಕ್ಕೆ ಕುಳಿತಾಗ, ಯಾವುದೋ ಹಾಲಿನ ಅಂಗಡಿಯ ಹಾಲಿನಲ್ಲಿ ಏನೋ ಬೆರೆಸುತ್ತಾರಂತೆ ಎಂದು ನಿಮ್ಮ ಮೊಬೈಲಿಗೆ ಸುದ್ದಿ ಬಂತು. ಅದನ್ನು ಗೆಳೆಯರಿಗೆಲ್ಲ ಕಳಿಸಿ, ನಗುತ್ತ ಅನ್ನಕ್ಕೆ ಕೈ ಹಾಕಿದಿರಿ. ಆ ಕಾಲದಲ್ಲಿ ಒಂದು ಸುಳ್ಳು ಅಚ್ಚಾಗಿ ಬರಲು ತಿಂಗಳು ಹಿಡಿಯುತ್ತಿತ್ತು. ಈಗ ಅದು ತುತ್ತು ಬಾಯಿಗೆ ಹೋಗುವುದರೊಳಗೆ ಊರು ದಾಟುತ್ತದೆ. ಅಪ್ಪನಿಗೆ ನಾಚಿಕೆಪಡಲು ಎದುರಿಗೊಬ್ಬ ಆಯಿ ಇದ್ದಳು. ಆ ಹಾಲಿನವನು ನಿಮ್ಮ ಮನೆ ಹುಡುಕಿಕೊಂಡು ಹೇಗೆ ಬರಬೇಕು, ಹೇಳಿ?