ಅಪ್ಪನ್ನನಿಗೆ ಬೇಡ ಎಂದು ಹೇಳಿ ಬಂದದ್ದು

ನಿಮ್ಮ ಅಕ್ಕನನ್ನು ವಿಜಯವಾಡದ ಹಾಸ್ಟೆಲಿಗೆ ಬಿಟ್ಟು ಬಂದ ದಿನ, ದಿಲ್ಲಿಯ ಅರ್ಜಿಗಳು ಏನಾದವು ಎಂದು ನೀವಿಬ್ಬರೂ ಕೇಳಿದಿರಿ. ಎದುರು ಕೂತು ಹೇಳುವುದು ನಿಮ್ಮ ನಾನಮ್ಮನಿಗೆ, ಈ ಅಜ್ಜಿಗೆ, ಬರುವುದಿಲ್ಲ. ಬರೆಯುತ್ತೇನೆ.

ಎಂ.ಎ. ಓದಿಗೆ ಅವಳು ಮೂರು ಕಡೆ ಅರ್ಜಿ ಹಾಕಿದ್ದಳು. ದಿಲ್ಲಿಯ ಎರಡು ನಿಮ್ಮ ಅಪ್ಪನ ಆಸೆ, ವಿಜಯವಾಡ ಅವಳದು. ಅದರ ಹತ್ತಿರದ ಕೊಂಡಪಲ್ಲಿಯಲ್ಲಿ ಮರದ ಬೊಂಬೆ ಮಾಡುವವರ ಮನೆಗಳಲ್ಲಿ ಕೂತು ಬಂದಾಗಿನಿಂದ, ಅವರ ಬಗ್ಗೆಯೇ ಓದಬೇಕೆಂದು ಅವಳಿಗೆ ಹಟ.

ನಾನು ದಿಲ್ಲಿಯ ಸೀಟು ಬೇಡಿಕೊಳ್ಳಲು ಸಿಂಹಾಚಲಕ್ಕೆ ಹೋಗಿದ್ದೆ. ನೇವಿಯಲ್ಲಿದ್ದ ನಿಮ್ಮ ಅಜ್ಜನ ಹಿಂದೆ ಹಾವೇರಿ ಕಡೆಯಿಂದ ವಿಶಾಖಪಟ್ಟಣಕ್ಕೆ ಬಂದಾಗ, ಭಾಷೆ ಬಾರದ ನನಗೆ ಮೊದಲು ಹತ್ತಿರವಾದವನು ಆ ಬೆಟ್ಟದ ನರಸಿಂಹ ದೇವರು, ಎಲ್ಲರ ಬಾಯಲ್ಲಿ ಅಪ್ಪನ್ನ. ಗುಡಿಯೊಳಗಿನ ಕಪ್ಪಸ್ತಂಭವನ್ನು ತಬ್ಬಿ ಬೇಡಿದ್ದು ಫಲಿಸುತ್ತದೆ ಎನ್ನುತ್ತಾರೆ. ಅಷ್ಟು ಜನರೆದುರು ಕಂಬ ತಬ್ಬುವುದು ನನಗೆ ನಾಚಿಕೆ. ಆದರೂ ಮಗ ಹೇಳಿದನೆಂದು ತಬ್ಬಿ ಬೇಡಿಕೊಂಡಿದ್ದೆ.

ಮೊದಲು ವಿಜಯವಾಡದವರು ಸೀಟು ಕೊಟ್ಟರು. ದಿಲ್ಲಿಯ ಉತ್ತರ ಇನ್ನೂ ಬಂದಿರಲಿಲ್ಲ. ಫೋನ್ ಸದ್ದಾದರೆ ಸಾಕು, ಅವಳ ಅನ್ನ ಕಲಸುವ ಕೈ ತಟ್ಟೆಯಲ್ಲೇ ನಿಲ್ಲುತ್ತಿತ್ತು.

ಒಂದು ಮಧ್ಯಾಹ್ನ ನಾನು ಉಪ್ಪಿನಕಾಯಿಗೆ ಮಾವಿನ ಹೋಳು ಒರೆಸುತ್ತಿದ್ದೆ. ಪಕ್ಕದಲ್ಲಿ ಬಂದು ಕೂತು, ದಿಲ್ಲಿಯ ಎರಡೂ ಅರ್ಜಿ ವಾಪಸ್ ತೆಗೆದುಕೊಳ್ಳುತ್ತೇನೆ ಎಂದಳು. ಉತ್ತರ ಬರಲಿ, ಆಮೇಲೆ ಬೇಡ ಎಂದರಾಯಿತು ಎಂದೆ.

“ಬಂದ ಮ್ಯಾಲ ಬ್ಯಾಡ ಅನ್ನಾಕ ನನಗ ಧೈರ್ಯ ಸಾಲಂಗಿಲ್ಲ, ನಾನಮ್ಮಾ. ಅಪ್ಪ ಕಾಲನಿಗೆಲ್ಲ ಸ್ವೀಟ್ ಹಂಚಿಬಿಡ್ತಾರ. ಆಮೇಲೆ ಹೆಂಗ ಅನ್ಲಿ?”

ನನಗೆ ಅದು ಚೆನ್ನಾಗಿ ಅರ್ಥವಾಯಿತು. ತಟ್ಟೆಗೆ ಬಡಿಸಿಬಿಟ್ಟದ್ದನ್ನು ನಾನೂ ಎಂದೂ ಬೇಡ ಎಂದವಳಲ್ಲ.

ಸಂಜೆ ಅವಳು ಅಪ್ಪನಿಗೆ ಹೇಳಿದಳು. ಅವನು ಸಿಟ್ಟಾಗಲಿಲ್ಲ. ಕಾಯುವುದರಲ್ಲಿ ಕಳೆದುಕೊಳ್ಳುವುದೇನು ಎಂದು ಬಗೆಬಗೆಯಾಗಿ ಕೇಳಿದ. ಅವಳು ಜಗ್ಗದಿದ್ದಾಗ ನನ್ನತ್ತ ಕೈ ತೋರಿಸಿದ. “ಅವ್ವ ಕಂಬ ತಬ್ಬಿ ಬೇಡ್ಕೊಂಡು ಬಂದಾಳ. ದೇವರು ಇನ್ನೇನು ಕೊಡೋದ್ರಾಗ ಇದ್ರ, ನಡುವ ನೀ ಬ್ಯಾಡ ಅನ್ನೋದೇನು?”

ಅವಳ ಮುಖ ಇಳಿದುಹೋಯಿತು. ಹಳ್ಳಿ ಶಾಲೆಯಲ್ಲಿ ಏಳನೆಯ ಇಯತ್ತೆಗೆ ಬಿಟ್ಟವಳು ನಾನು, ಓದಿನ ಮಾತಿಗೆ ಬಾಯಿ ಹಾಕುವುದಿಲ್ಲ. ಆದರೆ ಹರಕೆಯ ಮಾತು ನನ್ನದು.

“ಬೇಡಿದಾಕಿ ನಾನು. ನಾನ ಹೋಗಿ ಬ್ಯಾಡ ಅಂತ ಹೇಳಿ ಬರ್ತೀನಿ,” ಎಂದೆ.

ಮೊದಲು ನಕ್ಕವಳು ನಿಮ್ಮ ಅಮ್ಮ. “ಅತ್ತಯ್ಯಗಾರೂ, ಅಪ್ಪನ್ನ ದಗ್ಗರ ಕೂಡಾ ವಿತ್‌ಡ್ರಾನಾ?” ಅಪ್ಪನ್ನನ ಹತ್ತಿರವೂ ಅರ್ಜಿ ವಾಪಸಾ ಎಂದು ಅವಳು ಕೇಳಿದ ಮೇಲೆ ನಿಮ್ಮ ಅಪ್ಪನಿಗೂ ಮುಖ ಬಿಗಿದು ಕೂರಲಾಗಲಿಲ್ಲ. ತನ್ನ ಕಣ್ಣ ಮುಂದೆ ಮಾತ್ರ ಮಾಡಬೇಡ, ಒಳಗೆ ಹೋಗಿ ಮಾಡು ಎಂದು ಮಗಳಿಗೆ ಹೇಳಿ ಟಿ.ವಿ. ಹಾಕಿಕೊಂಡ.

ಒಳಗೆ ಅವಳು ನನ್ನ ಕೈ ಹಿಡಿದುಕೊಂಡು ಲ್ಯಾಪ್‌ಟಾಪಿನಲ್ಲಿ ವಾಪಸ್ ಎಂಬುದನ್ನು ಒತ್ತಿದಳು. ಖಚಿತವೇ ಎಂದು ಅದು ಕೇಳಿತಂತೆ, ಹೌದು ಎಂದು ಒತ್ತಿದಳು. ಎರಡನೆಯದಕ್ಕೂ ಹಾಗೆಯೇ. ಇಷ್ಟೇನಾ ಎಂದು ಕೇಳಿದೆ. ಇಷ್ಟೇ ಎಂದಳು. ಆ ದಿನ ಎರಡು ಸಲ ಅನ್ನ ಹಾಕಿಸಿಕೊಂಡಳು.

ಶನಿವಾರ ಇಬ್ಬರೂ ಬೆಟ್ಟಕ್ಕೆ ಹೋದೆವು. ಕೇಳಿ ತಿರುಗಿ ಬೇಡ ಎಂದರೆ ಅಪ್ಪನ್ನ ಮುನಿದಾನೇನೋ ಎಂದು ದಾರಿಯುದ್ದಕ್ಕೂ ಅವನ ಹೆಸರು ಹೇಳಿಕೊಳ್ಳುತ್ತಿದ್ದೆ. ಕಂಬ ತಣ್ಣಗಿತ್ತು. ಕೆನ್ನೆ ಆನಿಸಿ ಹೇಳಿದೆ: ನಿನ್ನದೇನೂ ತಪ್ಪಿಲ್ಲ, ಮಗುವಿಗೆ ಬೇಡವಾಗಿದೆ, ಕಾಯುತ್ತಿರುವ ಇನ್ನಾರಿಗಾದರೂ ಕೊಡು. ಬೇಡಿಕೊಳ್ಳುವುದಕ್ಕಿಂತ ಇದು ಹಗುರಾಗಿತ್ತು. ನಾಚಿಕೆಯೂ ಆಗಲಿಲ್ಲ.

ಹಿಂದೆ ಸಾಲಿನಲ್ಲಿದ್ದ ಹೆಂಗಸು ಏನು ಬೇಡಿಕೊಂಡಿರಿ ಎಂದು ತೆಲುಗಿನಲ್ಲಿ ಕೇಳಿದಳು. ಏನೂ ಇಲ್ಲಮ್ಮ, ಬೇಡ ಎಂದು ಹೇಳಿದೆ ಎಂದೆ. ಅವಳು ನನ್ನನ್ನೇ ನೋಡುತ್ತ ನಿಂತಳು. ನಿಮ್ಮ ಅಕ್ಕ ಮೆಟ್ಟಿಲು ಇಳಿಯುವವರೆಗೂ ನಗುತ್ತಿದ್ದಳು.

ಬಸ್ಸಿನಲ್ಲಿ ಅವಳ ಚೀಲದೊಳಗೆ ಫೋನ್ ಸದ್ದು ಮಾಡಿತು. ಅವಳು ಕಿಟಕಿಯಾಚೆ ನೋಡುತ್ತ ಪ್ರಸಾದದ ಪುಳಿಹೋರದ ಅನ್ನ ತಿನ್ನುತ್ತಲೇ ಇದ್ದಳು.